ಬೋರ್ಡು ಬೇರೆ, ಡಂಗುರ ಬೇರೆ

ರಾತ್ರಿ ಹನ್ನೊಂದು ಗಂಟೆ. ಮನೆಯವರೆಲ್ಲ ಮಲಗಿದ್ದಾರೆ. ತಾಯಿಯೊಬ್ಬಳು ಮಾತ್ರ ಅಡುಗೆಮನೆಯ ಮೂಲೆಯಲ್ಲಿ ಮೊಬೈಲು ಹಿಡಿದು ಕುಳಿತಿದ್ದಾಳೆ. ಕಾಲೇಜಿಗೆ ಹೋಗುವ ಮಗ ತಿಂಗಳಿನಿಂದ ಕೋಣೆ ಬಿಟ್ಟು ಹೊರಬರುತ್ತಿಲ್ಲ. ಊಟ ಬೇಡ, ಮಾತೂ ಬೇಡ. ನೆರೆಯವರನ್ನು ಕೇಳಲು ನಾಚಿಕೆ, ಬಂಧುಗಳಿಗೆ ಹೇಳಲು ಭಯ. ಕೊನೆಗೆ ಆಕೆ ಮೊಬೈಲನ್ನೇ ಕೇಳುತ್ತಾಳೆ: ‘ನಮ್ಮೂರಿನಲ್ಲಿ ಮನಸ್ಸಿನ ತೊಂದರೆ ನೋಡುವವರು ಯಾರಿದ್ದಾರೆ?’

ಪ್ರಿಯ ಓದುಗರೇ, ಇಂಥ ರಾತ್ರಿ ಯಾವ ಮನೆಗೂ ಬರಬಹುದು. ಆಗ ತೆರೆಯ ಮೇಲೆ ಹೆಸರುಗಳ ಪಟ್ಟಿಯೊಂದು ಮೂಡುತ್ತದೆ. ಹಿಂದೆ ದೂರವಾಣಿ ಡೈರೆಕ್ಟರಿ ಮಾಡುತ್ತಿದ್ದ ಕೆಲಸವನ್ನು ಈಗ ಜಸ್ಟ್ ಡಯಲ್, 2008ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರಾಕ್ಟೋ ಮುಂತಾದವು ಮಾಡುತ್ತಿವೆ. ಅಮೆರಿಕದ ‘ಸೈಕಾಲಜಿ ಟುಡೇ’ ಪತ್ರಿಕೆಯ ಡೈರೆಕ್ಟರಿಯಲ್ಲಿ ಹೆಸರಿರಬೇಕಾದರೆ ಚಿಕಿತ್ಸಕರು ತಿಂಗಳು ತಿಂಗಳೂ ಶುಲ್ಕ ಕಟ್ಟುತ್ತಾರೆ. ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಮನಸ್ಸಿನ ಗಾಯ ಮಾಯಿಸಬೇಕಾದವರು ಅಂಗಡಿಯವರಂತೆ ತಮ್ಮ ಪ್ರಚಾರ ತಾವೇ ಮಾಡಿಕೊಳ್ಳಬಹುದೇ?

‘ಛೆ, ಸೇವೆಗೆ ಜಾಹೀರಾತೇ?’ ಎಂದು ಮೂಗು ಮುರಿಯುವುದು ಸುಲಭ. ಆದರೆ ಸ್ವಲ್ಪ ಯೋಚಿಸಿ. ಪ್ರಾಮಾಣಿಕರೆಲ್ಲ ಸಂಕೋಚದಿಂದ ಹಿಂದೆ ಸರಿದರೆ ಆ ಪಟ್ಟಿಯಲ್ಲಿ ಉಳಿಯುವವರು ಯಾರು? ಗಟ್ಟಿಯಾಗಿ ಕೂಗುವವರು ಮಾತ್ರ. ಆ ತಾಯಿ ಅವರ ಕೈಗೇ ಸಿಗುತ್ತಾಳೆ. ಆದ್ದರಿಂದ ಬಾಗಿಲಿಗೆ ಬೋರ್ಡು ಹಾಕುವುದು ದುರಾಸೆಯಲ್ಲ. ನೊಂದವರಿಗೆ ದಾರಿ ತೋರಿಸುವುದೂ ಸೇವೆಯೇ.

ಬೋರ್ಡು ಡಂಗುರವಾದಾಗ ತಪ್ಪು ಶುರುವಾಗುತ್ತದೆ. ವೈದ್ಯರ ವೃತ್ತಿನಡತೆಗಾಗಿ 2002ರಲ್ಲಿ ಬಂದ ನಿಯಮಗಳು ಈ ಗೆರೆಯನ್ನು ಎಳೆದಿವೆ. ಪ್ರಾಕ್ಟೀಸು ಆರಂಭಿಸಿದಾಗ, ವಿಳಾಸ ಬದಲಾದಾಗ ಪತ್ರಿಕೆಯಲ್ಲಿ ತಿಳಿಸಬಹುದು. ಜಾಹೀರಾತಿನಿಂದ ರೋಗಿಗಳನ್ನು ಸೆಳೆಯಬಾರದು. ಮನೋವೈದ್ಯರಿಗೆ ಇದು ಅನ್ವಯಿಸುತ್ತದೆ. ವೈದ್ಯರಲ್ಲದ ಆಪ್ತಸಲಹೆಗಾರರಿಗೆ ಈ ನಿಯಮವಿಲ್ಲದಿದ್ದರೂ ಮನಸ್ಸಾಕ್ಷಿ ಇದೆಯಲ್ಲ? ‘ಮೂರೇ ಭೇಟಿಯಲ್ಲಿ ಖಿನ್ನತೆ ಮಾಯ’ ಎಂಬ ಭರವಸೆ ಕೊಡುವುದು ಮುಳುಗುತ್ತಿರುವವನಿಗೆ ಹುಲ್ಲುಕಡ್ಡಿಯನ್ನು ಹಗ್ಗವೆಂದು ಮಾರಿದಂತೆ.

ಇದಕ್ಕಿಂತ ಸೂಕ್ಷ್ಮವಾದ ಪರೀಕ್ಷೆ ಇನ್ನೊಂದಿದೆ. ಪಟ್ಟಿಯಲ್ಲಿ ಹೆಸರು ಮೇಲೇರಲು ನಕ್ಷತ್ರಗಳು, ಹೊಗಳಿಕೆಯ ಮಾತುಗಳು ಬೇಕು. ‘ನಾಲ್ಕು ಸಾಲು ಬರೆದುಕೊಡಿ’ ಎಂದು ಹೋಟೆಲಿನವರು ಕೇಳಿದರೆ ಅಡ್ಡಿಯಿಲ್ಲ. ಆದರೆ ತನ್ನ ಕಣ್ಣೀರನ್ನೆಲ್ಲ ಯಾರ ಮುಂದೆ ಸುರಿಸಿದ್ದಾನೋ ಅವರೇ ಕೇಳಿದರೆ ಆತ ಹೇಗೆ ‘ಇಲ್ಲ’ ಎಂದಾನು? ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘದ ನೀತಿಸಂಹಿತೆ, ಚಿಕಿತ್ಸೆಯಲ್ಲಿರುವವರಿಂದ ಇಂಥ ಪ್ರಶಂಸೆ ಕೇಳುವುದನ್ನು ಈ ಕಾರಣಕ್ಕೇ ನಿಷೇಧಿಸಿದೆ.

ಯಾರೋ ಸಿಟ್ಟಿನಿಂದ ಒಂದೇ ನಕ್ಷತ್ರ ಕೊಟ್ಟು ಸುಳ್ಳು ಬರೆದರೆ? ಹೋಟೆಲಿನವರು ಉತ್ತರ ಕೊಡಬಹುದು. ಚಿಕಿತ್ಸಕರು ‘ನೀವು ನಮ್ಮಲ್ಲಿಗೆ ಬಂದಿದ್ದಿರಿ’ ಎಂದರೂ ಸಾಕು, ಗುಟ್ಟು ರಟ್ಟಾದಂತೆ. ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯೂ ಚಿಕಿತ್ಸೆಯ ಗೌಪ್ಯತೆಯನ್ನು ರೋಗಿಯ ಹಕ್ಕೆಂದು ಹೇಳುತ್ತದೆ. ಹಾಗಾಗಿ ತನ್ನ ಹೆಸರಿಗೆ ಮಸಿ ಬಿದ್ದರೂ ರೋಗಿಯ ಗುಟ್ಟು ಬಿಡದೆ ಸುಮ್ಮನಿರುವವರಿದ್ದಾರೆ. ಅವರ ಒಳ್ಳೆಯತನ ಯಾವ ಪಟ್ಟಿಯಲ್ಲೂ ಕಾಣುವುದಿಲ್ಲ.

ಹಾಗಾದರೆ ಓದುವ ನಮ್ಮ ಕರ್ತವ್ಯವೇನು? ನಕ್ಷತ್ರ ಎಣಿಸುವ ಮೊದಲು ಅರ್ಹತೆ ನೋಡಿ. ಮನೋವೈದ್ಯರಾದರೆ ವೈದ್ಯಕೀಯ ಪದವಿ, ವೈದ್ಯಕೀಯ ಪರಿಷತ್ತಿನ ನೋಂದಣಿ ಇರಬೇಕು. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಳ್ಳುವವರು 1992ರ ಕಾಯಿದೆಯಂತೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿರಬೇಕು. ಸಂಖ್ಯೆ ಕೇಳಲು ನಾಚಬೇಡಿ, ನಿಜವಾದವರು ಸಿಟ್ಟಾಗುವುದಿಲ್ಲ. ಶುಲ್ಕವೆಷ್ಟು, ತಮ್ಮಿಂದಾಗದಿದ್ದರೆ ಯಾರ ಬಳಿ ಕಳುಹಿಸುತ್ತಾರೆ ಎಂದೂ ಕೇಳಿ. ‘ಇದು ನನ್ನಿಂದ ಆಗದು’ ಎನ್ನಬಲ್ಲವರನ್ನು ಹೆಚ್ಚು ನಂಬಬಹುದು. ಶುಲ್ಕ ಭರಿಸಲಾಗದವರಿಗೆ 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮನಸ್ ಇದೆ. 14416ಕ್ಕೆ ಕರೆ ಮಾಡಿದರೆ ಹಗಲಿರುಳೂ ಉಚಿತವಾಗಿ ಸಲಹೆ ಸಿಗುತ್ತದೆ.

ಕೊನೆಯದಾಗಿ ಒಂದು ಮಾತು. ಆ ತಾಯಿ ಮೊಬೈಲನ್ನು ಕೇಳಿದ್ದೇಕೆ? ನಮ್ಮನ್ನು ಕೇಳಲು ಆಕೆಗೆ ಧೈರ್ಯವಾಗಲಿಲ್ಲ. ಕೇಳಿದ್ದನ್ನು ನಾಲ್ಕು ಜನರಿಗೆ ಹೇಳದ ನೆರೆಯವರು ನಾವಾಗಿದ್ದರೆ, ಆಕೆ ಆ ರಾತ್ರಿ ನಮ್ಮ ಮನೆಯ ಬಾಗಿಲನ್ನೇ ತಟ್ಟುತ್ತಿದ್ದಳೇನೋ.