ತಪ್ತತೀರ್ಥದ ಬೋಧೆ

ವಿಘ್ನಹರನಾದ ಮಧೂರು ಮಹಾಗಣಪತಿಯ ಪಾದಾರವಿಂದಗಳಿಗೆ ವಂದಿಸಿ, ಸಂಚಿಕೆಯ ಸಂಪಾದಕರ ಅಪ್ಪಣೆಯನ್ನು ಶಿರಸಾವಹಿಸಿ ನಾಲ್ಕು ಮಾತುಗಳನ್ನು ಬರೆಯಲು ತೊಡಗಿದ್ದೇನೆ. ನಾನು ಪಂಡಿತನಲ್ಲ, ಪೌರಾಣಿಕನೂ ಅಲ್ಲ. ಕನ್ನಡ ಶಾಲೆಯಲ್ಲಿ ನಾಲ್ಕಕ್ಷರ ಕಲಿತು, ಗ್ರಾಮದ ಭೂಮಿ ಕಂದಾಯಗಳ ಲೆಕ್ಕ ಬರೆಯುತ್ತ ಐವತ್ತು ದಾಟಿದ ಕರಣಿಕನು. ಆದುದರಿಂದ ಶಾಸ್ತ್ರವಿಚಾರವನ್ನು ಬಲ್ಲವರಿಗೆ ಬಿಟ್ಟು, ಒಂದು ತೀರ್ಥಯಾತ್ರೆಯಲ್ಲಿ ನನಗೆ ದೊರೆತ ಬೋಧೆಯನ್ನು ಮಾತ್ರ ಸಜ್ಜನರ ಮುಂದಿಡುತ್ತೇನೆ. ಅದರಲ್ಲಿ ನನ್ನ ಹೆಮ್ಮೆಗೆ ಕಾರಣವಾದುದೇನೂ ಇಲ್ಲ.

ತೀರ್ಥವೆಂಬ ಶಬ್ದಕ್ಕೆ ಮೂಲದಲ್ಲಿ ದಾಟುವ ಸ್ಥಳವೆಂದೇ ಅರ್ಥ. ಹೊಳೆಯ ಕಡವಿನಲ್ಲಿ ಈ ದಡದವನು ಆ ದಡವನ್ನು ಸೇರುವನಷ್ಟೆ? ಹಾಗೆಯೇ ಅಹಂಕಾರದ ದಡದಿಂದ ಭಕ್ತಿಯ ದಡಕ್ಕೆ ಜೀವನನ್ನು ದಾಟಿಸುವ ಜಲವೇ ತೀರ್ಥ. ನಮ್ಮ ಕುಂಬಳೆ ಸೀಮೆಯ ಜನರಿಗೆ ಇದು ಹೊಸ ಮಾತಲ್ಲ. ತುಲಾ ಸಂಕ್ರಮಣದ ದಿನ ಮುಜುಂಗಾವಿನ ಕೆರೆಯಲ್ಲಿ ಮುಳುಗಿ ಏಳುವುದು ನಮ್ಮ ಹಿರಿಯರಿಂದ ಬಂದ ವಾಡಿಕೆ. ಪುತ್ತೂರು ತಾಲೂಕಿನ ಇರ್ದೆಯಲ್ಲಿ ಹೊಳೆಯ ಬದಿಯಲ್ಲೇ ಬೆಂದ್ರುತೀರ್ಥವಿದೆ. ಬೆಂದ್ರ್ ಎಂದರೆ ತುಳುವಿನಲ್ಲಿ ಬಿಸಿನೀರು. ಗಂಧಕದ ವಾಸನೆಯುಳ್ಳ ಆ ನೀರಿನಲ್ಲಿ ಮಿಂದರೆ ಚರ್ಮವ್ಯಾಧಿ ಶಮನವಾಗುವುದೆಂದು ನಂಬಿ ಬರುವವರು ಉಂಟು.

ನೀರು ತಾನಾಗಿ ಬಿಸಿಯಾಗುವುದು ಹೇಗೆಂದು ಮಕ್ಕಳು ಕೇಳಿಯಾರು. ಮಳೆಯ ನೀರು ಬಂಡೆಗಳ ಬಿರುಕಿನಲ್ಲಿ ಇಳಿಯುತ್ತ ಬಹಳ ಆಳಕ್ಕೆ ಹೋಗುತ್ತದೆ. ಭೂಮಿಯೊಳಗೆ ಒಂದೊಂದು ಕಿಲೋಮೀಟರು ಇಳಿದಂತೆ ಶಾಖವು ಸಾಮಾನ್ಯವಾಗಿ 25ರಿಂದ 30 ಡಿಗ್ರಿ ಸೆಲ್ಸಿಯಸ್‌ನಷ್ಟು ಏರುತ್ತದೆ. ಅಲ್ಲಿ ಕಾದ ನೀರು ಮತ್ತೊಂದು ಬಿರುಕನ್ನು ಹಿಡಿದು ಮೇಲಕ್ಕೆ ಬರುತ್ತದೆ. ಇದು ಭೂವಿಜ್ಞಾನಿಗಳ ವಿವರಣೆ. ಇದರಿಂದ ಭಗವಂತನ ಮಹಿಮೆಗೆ ಕುಂದೇನೂ ಇಲ್ಲ. ಆತನ ಅಡುಗೆಮನೆಯ ಒಲೆ ಎಲ್ಲಿದೆಯೆಂದು ತಿಳಿದಂತಾಯಿತು, ಅಷ್ಟೆ.

2018ರ ಮಾಘಮಾಸದಲ್ಲಿ ನನ್ನ ತಾಯಿಯವರನ್ನು ಕಾಶಿಗೂ ಗಯೆಗೂ ಕರೆದುಕೊಂಡು ಹೋಗಿದ್ದೆನು. ಗಯೆಯಲ್ಲಿ ಪಿತೃಕಾರ್ಯ ಮುಗಿದ ಮೇಲೆ, ಅವರ ಮೊಣಕಾಲು ನೋವಿಗೆ ಒಳ್ಳೆಯದೆಂದು ಯಾರೋ ಹೇಳಿದ್ದರಿಂದ ರಾಜಗೃಹಕ್ಕೆ ಹೋದೆವು. ಈಗ ಅದನ್ನು ರಾಜಗೀರ್ ಎನ್ನುತ್ತಾರೆ. ಮಹಾಭಾರತದಲ್ಲಿ ಜರಾಸಂಧನ ಗಿರಿವ್ರಜವೆಂದು ಹೇಳಿದ ಪಟ್ಟಣವೇ ಇದು. ಶ್ರೀಕೃಷ್ಣನು ಭೀಮಾರ್ಜುನರೊಡನೆ ಸ್ನಾತಕರ ವೇಷದಲ್ಲಿ ಪ್ರವೇಶಿಸಿ, ಭೀಮನಿಂದ ಜರಾಸಂಧನನ್ನು ಕೊಲ್ಲಿಸಿ, ಸೆರೆಯಲ್ಲಿದ್ದ ಅರಸರನ್ನು ಬಿಡಿಸಿದ ಸ್ಥಳ. ಮುಂದೆ ಬಿಂಬಿಸಾರ, ಅಜಾತಶತ್ರುಗಳ ರಾಜಧಾನಿಯಾಗಿ, ಬುದ್ಧನೂ ಮಹಾವೀರನೂ ಸಂಚರಿಸಿದ ಪುಣ್ಯಭೂಮಿಯಾಯಿತು.

ಈಗ ಅಲ್ಲಿ ಅರಮನೆಯಿಲ್ಲ. ಸುತ್ತಲ ಬೆಟ್ಟಗಳ ನೆತ್ತಿಯ ಮೇಲೆ, ಗಾರೆಯಿಲ್ಲದೆ ಹೆಗ್ಗಲ್ಲುಗಳನ್ನು ಒಂದರ ಮೇಲೊಂದಿರಿಸಿ ಕಟ್ಟಿದ ಕೋಟೆಗೋಡೆಯ ಅವಶೇಷವಿದೆ. ಸುಮಾರು 40 ಕಿಲೋಮೀಟರು ಸುತ್ತಳತೆಯ ಗೋಡೆಯದು. ಬಹುಭಾಗ ಕುಸಿದು ಪೊದೆಯೊಳಗೆ ಮುಚ್ಚಿಹೋಗಿದೆ. ಅನತಿದೂರದಲ್ಲಿ ನಾಲಂದಾ ವಿಶ್ವವಿದ್ಯಾಲಯದ ಇಟ್ಟಿಗೆಯ ಅಡಿಪಾಯಗಳು. ಆದರೆ ವೈಭಾರಗಿರಿಯ ಬುಡದಲ್ಲಿ ಸಪ್ತಧಾರೆ, ಬ್ರಹ್ಮಕುಂಡಗಳ ಬಿಸಿನೀರು ಮಾತ್ರ ಇಂದಿಗೂ ಹರಿಯುತ್ತಿದೆ. ಏಳನೆಯ ಶತಮಾನದಲ್ಲಿ ಬಂದ ಹ್ಯುಯೆನ್‌ತ್ಸಾಂಗನೂ ಈ ಬುಗ್ಗೆಗಳ ವಿಷಯ ಬರೆದಿದ್ದಾನೆ. ಸೂಫಿ ಸಂತ ಮಖ್ದೂಮರ ಹೆಸರಿನ ಬಿಸಿನೀರ ಕುಂಡವೂ ಅಲ್ಲೇ ಇದೆ. ಗೋಡೆಯನ್ನು ಕಟ್ಟಿದವರು ಹೋದರು, ಗೋಡೆಯೂ ಹೋಯಿತು. ಯಾರೂ ಕಟ್ಟದ ನೀರು ಉಳಿಯಿತು.

ಬೌದ್ಧರ ವಿನಯಗ್ರಂಥದಲ್ಲಿ ಈ ನೀರಿನದೇ ಒಂದು ಕಥೆಯಿದೆ. ಬಿಂಬಿಸಾರ ಮಹಾರಾಜನು ಒಂದು ದಿನ ತಲೆಸ್ನಾನಕ್ಕೆಂದು ತಪೋದವೆಂಬ ಈ ಬಿಸಿನೀರಿಗೆ ಬಂದನು. ಭಿಕ್ಷುಗಳು ಸ್ನಾನಮಾಡುತ್ತಿದ್ದರು. ಪೂಜ್ಯರು ಮುಗಿಸಲೆಂದು ದೊರೆಯು ಒಂದು ಬದಿಯಲ್ಲಿ ಕಾದನು. ಅವರೋ ಕತ್ತಲಾಗುವವರೆಗೂ ಮೀಯುತ್ತಲೇ ಇದ್ದರು. ದೊರೆ ಮಿಂದು ಹಿಂದಿರುಗುವಷ್ಟರಲ್ಲಿ ಹೊತ್ತು ಮೀರಿ ಕೋಟೆಯ ಬಾಗಿಲು ಮುಚ್ಚಿತ್ತು. ಆತನು ರಾತ್ರಿಯನ್ನು ಹೊರಗೆ ಕಳೆದನು. ಬೆಳಗ್ಗೆ ಸಂಗತಿ ತಿಳಿದ ಬುದ್ಧನು ಅಳತೆ ಮೀರಿ ಮಿಂದ ಭಿಕ್ಷುಗಳನ್ನು ಗದರಿಸಿ, ಅವರ ಸ್ನಾನಕ್ಕೆ ನಿಯಮವನ್ನು ವಿಧಿಸಿದನು. ಮಗಧಾಧಿಪತಿಯು ತನ್ನ ನೆಲದ ನೀರಿಗೆ ಸರದಿ ಕಾದನು! ನಮ್ಮ ಕೆರೆಕಟ್ಟೆಗಳಲ್ಲಿ, ಪ್ರಸಾದದ ಸಾಲುಗಳಲ್ಲಿ, ಕಾಯಲು ಮನಸ್ಸಿಲ್ಲದೆ ಮುನ್ನುಗ್ಗುವ ನಾವು ಈ ದೊರೆಯನ್ನು ಒಮ್ಮೆ ನೆನೆಯಬೇಕು.

ಇನ್ನು ನನ್ನ ತಪ್ಪನ್ನು ಹೇಳುತ್ತೇನೆ. ಕುಂಡಕ್ಕೆ ಹೋಗುವ ಮೆಟ್ಟಿಲುಗಳು ಒದ್ದೆಯಾಗಿದ್ದವು, ಜನಸಂದಣಿಯೂ ಇತ್ತು. ನಾನು ಬಟ್ಟೆಯ ಗಂಟನ್ನು ಹಿಡಿದು ಮುಂದೆ ಹೋಗಿದ್ದೆ. ತಿರುಗಿ ನೋಡಿದಾಗ, ಆ ಸೀಮೆಯ ಹರಕು ಸೀರೆಯ ಹೆಂಗಸೊಬ್ಬಳು ನನ್ನ ತಾಯಿಯ ಕೈಯನ್ನು ಭದ್ರವಾಗಿ ಹಿಡಿದು, ಒಂದೊಂದೇ ಮೆಟ್ಟಿಲನ್ನು ಹತ್ತಿಸುತ್ತಿದ್ದಳು. ಉಪಕಾರವನ್ನು ಸ್ಮರಿಸಬೇಕಾದ ನನ್ನ ಬಾಯಿಂದ, ತಿಳಿದಷ್ಟು ಹಿಂದಿಯಲ್ಲಿ, “ನೀನು ಯಾವ ಜಾತಿಯವಳು?” ಎಂಬ ಮಾತು ಹೊರಟಿತು. ಸರಕಾರಿ ಕೆಲಸದಲ್ಲಿ ಮೂವತ್ತು ವರ್ಷ ಅರ್ಜಿಗಳನ್ನು ವಿಚಾರಿಸಿ, ಹೆಸರಿನ ಮುಂದೆ ಜಾತಿಯನ್ನು ಬರೆದ ಅಭ್ಯಾಸವದು ಎಂದು ಆಮೇಲೆ ಸಮಾಧಾನ ಹೇಳಿಕೊಂಡೆ. ಆದರೆ ಅರ್ಜಿಯಲ್ಲಿ ಜಾತಿ ಬರೆಯುವುದು ಒಬ್ಬನಿಗೆ ಸಲ್ಲಬೇಕಾದುದು ಸಲ್ಲಲೆಂದು; ನಾನು ಕೇಳಿದುದು ಆಕೆಯನ್ನು ದೂರವಿರಿಸಲೆಂದು. ಈ ಭೇದ ನನ್ನ ಮನಸ್ಸಿಗೆ ಗೊತ್ತಿತ್ತು.

ಆಕೆ ಉತ್ತರ ಕೊಡಲಿಲ್ಲ. ತಾಯಿಯ ಕೈಯನ್ನು ಬಿಟ್ಟು ಎರಡು ಮೆಟ್ಟಿಲು ಕೆಳಗಿಳಿದು ನಿಂತಳು. ತಾಯಿಗೆ ಹಿಂದಿ ಬಾರದಿದ್ದರೂ ಸಂಗತಿ ತಿಳಿಯಿತು. “ಮಗಾ, ಈ ನೀರು ಅವಳ ಜಾತಿ ಕೇಳಿತೇ? ನೀನೇಕೆ ಕೇಳಿದೆ? ನನಗೆ ಹಿಡಿಯಲು ಕೈ ಬೇಕಾದಾಗ ನೀನು ಗಂಟು ಹಿಡಿದಿದ್ದೆ,” ಎಂದರು. ನಾನು ತಲೆತಗ್ಗಿಸಿದೆ. ಕ್ಷಮೆ ಕೇಳೋಣವೆಂದು ನೋಡುವಷ್ಟರಲ್ಲಿ ಆಕೆ ಜನಸಂದಣಿಯಲ್ಲಿ ಮರೆಯಾಗಿದ್ದಳು. ಸ್ನಾನವಾಯಿತು, ತಾಯಿಯ ಕಾಲುನೋವು ಒಂದೆರಡು ದಿನ ಇಳಿಯಿತು. ನನ್ನ ನೋವು ಮಾತ್ರ ಇಳಿಯಲಿಲ್ಲ. ತಾಯಿಯವರು ಈಗಿಲ್ಲ. ಆ ಮಾತು ಇದೆ.

ಊರಿಗೆ ಬಂದು ಮಧೂರಿನ ನಡೆಯಲ್ಲಿ ಕೈಮುಗಿದಾಗ ಸ್ಥಳಪುರಾಣ ನೆನಪಾಯಿತು. ಶ್ರೀ ಮದನಂತೇಶ್ವರನ ಲಿಂಗವನ್ನು ಲೋಕಕ್ಕೆ ತೋರಿಸಿದವಳು ಯಾರು? ಹುಲ್ಲು ಕೊಯ್ಯುತ್ತಿದ್ದ ಮದರು ಎಂಬ ಮೊಗೇರ ಹೆಂಗಸು. ಆಕೆಯ ಕತ್ತಿ ತಾಗಿ ಶಿಲೆಯಿಂದ ರಕ್ತ ಹರಿಯಿತೆಂದೂ, ಆಕೆಯ ಹೆಸರಿನಿಂದಲೇ ಊರು ಮಧೂರಾಯಿತೆಂದೂ ಹಿರಿಯರು ಹೇಳಿದ್ದಾರೆ. ಬಾಲ್ಯದಿಂದ ಈ ಕಥೆಯನ್ನು ಕೇಳಿದವನು ನಾನು, ಮಕ್ಕಳಿಗೂ ಹೇಳಿದವನು. ಆದರೂ ಮದರುವಿನಂಥವಳೇ ಒಬ್ಬಳು ನನ್ನ ತಾಯಿಯ ಕೈ ಹಿಡಿದಾಗ ನಾನು ಗುರುತಿಸಲಿಲ್ಲ. ಕಿವಿಯಲ್ಲಿ ನಿಂತ ಪುರಾಣ ಎದೆಗೆ ಇಳಿದಿರಲಿಲ್ಲ.

ಭಗವದ್ಭಕ್ತರೇ, 2025ರಲ್ಲಿ ಮಧೂರಿನ ಬ್ರಹ್ಮಕಲಶೋತ್ಸವವನ್ನೂ ಮೂಡಪ್ಪ ಸೇವೆಯನ್ನೂ ಕಂಡ ಪುಣ್ಯವಂತರು ನಾವು. ಗೋಡೆಗಳೆಲ್ಲ ಒಂದು ದಿನ ಬೀಳುವವಾದರೆ ಜೀರ್ಣೋದ್ಧಾರವೇಕೆಂದು ಕೆಲವರು ಕೇಳಬಹುದು. ಬೀಳುವುದರಿಂದಲೇ ಮತ್ತೆ ಮತ್ತೆ ಎತ್ತಿ ನಿಲ್ಲಿಸಬೇಕು. ಪ್ರತಿಯೊಂದು ತಲೆಮಾರಿಗೂ ಕಲ್ಲು ಹೊರುವ ಭಾಗ್ಯ ದೊರೆಯಬೇಕು. ರಾಜಗೃಹದ ಗೋಡೆಯನ್ನು ಎತ್ತುವವರಿಲ್ಲದೆ ಹೋದುದು, ಅರಸರು ರಾಜಧಾನಿಯನ್ನು ಪಾಟಲೀಪುತ್ರಕ್ಕೆ ಒಯ್ದ ಮೇಲೆ. ನಮ್ಮ ದೇವರು ಎಲ್ಲಿಗೂ ಹೋಗಿಲ್ಲ. ನಾವು ಹೋಗದಿದ್ದರೆ ಸಾಕು.

ಆದರೆ ಗೋಡೆಯನ್ನು ನಿಲ್ಲಿಸುವಾಗ ಒಳಗಿನ ಬುಗ್ಗೆಯನ್ನು ಮರೆಯಬಾರದು. ದೇವಾಲಯಕ್ಕೆ ಎಷ್ಟು ಹಣ ಬಂತು, ಮರಕ್ಕೆಷ್ಟು, ತಾಮ್ರಕ್ಕೆಷ್ಟು ಎಂದು ನನ್ನಂಥವರು ಜಮಾಖರ್ಚು ಬರೆಯುತ್ತೇವೆ. ಬಾಗಿಲಿಗೆ ಬಂದವರಲ್ಲಿ ಎಷ್ಟು ಜನರ ಮನಸ್ಸು ತಣ್ಣಗಾಗಿ ಹಿಂದಿರುಗಿತು ಎಂಬ ಲೆಕ್ಕವನ್ನು ಬರೆಯುವವನು ಬೇರೆ ಇದ್ದಾನೆ. ಅವನ ಪುಸ್ತಕದಲ್ಲಿ ತಿದ್ದುಪಡಿಯಿಲ್ಲ. ಮಧುವಾಹಿನಿಯು ಮಳೆಗಾಲದಲ್ಲಿ ಉಕ್ಕಿ ಅಂಗಳಕ್ಕೆ ಬರುವಾಗ ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ಹಾಗೆಯೇ ಬರುವ ಮನುಷ್ಯನನ್ನೂ ಸ್ವೀಕರಿಸೋಣ. ಮೆಟ್ಟಿಲು ಹತ್ತಲಾರದ ವೃದ್ಧರ ಕೈ ಹಿಡಿಯೋಣ. ನಮ್ಮ ಕೈ ಹಿಡಿದವರ ಕುಲವನ್ನು ಕೇಳದಿರೋಣ. ಇಷ್ಟನ್ನು ಕಲಿಯಲು ನನ್ನಂತೆ ರಾಜಗೃಹದವರೆಗೆ ಹೋಗಬೇಕೆಂದಿಲ್ಲ.

ದಕ್ಷಿಣದ ಗೋಡೆಯಲ್ಲಿ ಬಾಲಕನ ಕೈಯಿಂದ ಮೂಡಿ, ಬೆಳೆದು ಬೊಡ್ಡಜ್ಜನಾದ ನಮ್ಮ ಸಿದ್ಧಿವಿನಾಯಕನು ಇಂಥ ಸದ್ಬುದ್ಧಿಯನ್ನು ಸರ್ವರಿಗೂ ಕರುಣಿಸಲಿ ಎಂದು ಪ್ರಾರ್ಥಿಸಿ ವಿರಮಿಸುತ್ತೇನೆ.