ನಕ್ಕವರ ಪಾಲು

ಏಳನೇ ತರಗತಿಯಲ್ಲಿ ನಮ್ಮ ಜೊತೆ ಸೇರಿದ ಹುಡುಗ ಪಾವಗಡದ ಕಡೆಯವನು. ಆ ತಾಲ್ಲೂಕಿಗೆ ಬಹುಪಾಲು ಆಂಧ್ರದ ಗಡಿ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಅನ್ನುವುದು ಅಲ್ಲಿ ಮಾಮೂಲು. ಮಧುಗಿರಿಯ ನಮಗೆ ಅದು ಹೊಸದೇನಲ್ಲ. ಆದರೆ ಮೊದಲ ವಾರವೇ ಅವನು ಎದ್ದು ನಿಂತು, ‘ಸಾರ್, ನೀಳ್ಳು ಕುಡಿದು ಬರ್ತೀನಿ’ ಅಂದ. ಮೇಷ್ಟ್ರು ಅವನದೇ ದನಿಯಲ್ಲಿ ‘ನೀಳ್ಳು’ ಎಂದು ಅಣಕಿಸಿದರು. ತರಗತಿ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ.

ಮೇಷ್ಟ್ರು ಅದನ್ನು ಸಂಜೆಗೇ ಮರೆತಿರಬೇಕು. ನಾವು ಮರೆಯಲಿಲ್ಲ. ‘ನೀಳ್ಳು’ ಅವನ ಹೆಸರಾಯಿತು. ಚೀಲ ಅಡಗಿಸುವುದು, ನಲ್ಲಿಯ ಹತ್ತಿರ ತಳ್ಳುವುದು ಒಂದೊಂದಾಗಿ ಬಂದವು. ಅವನನ್ನು ಹೊಡೆದವರು ಮೂರೇ ಜನ. ಸುತ್ತ ನಿಂತವರು ಇಡೀ ತರಗತಿ.

ವಿಚಿತ್ರವೆಂದರೆ, ಕಬಡ್ಡಿ ಅಂಗಳದಲ್ಲಿ ಇದೇ ಮೂವರು ಅವನ ಕೈಹಿಡಿದು ಸರಪಳಿ ಕಟ್ಟುತ್ತಿದ್ದರು. ಅಲ್ಲಿ ಪಿ.ಟಿ. ಮೇಷ್ಟ್ರು ಅವನನ್ನು ಹೆಸರಿಡಿದು ಕರೆಯುತ್ತಿದ್ದರು, ತಂಡಕ್ಕೆ ಅವನು ಬೇಕಾಗಿದ್ದ. ಹುಡುಗರು ಅವರೇ, ಶಾಲೆ ಅದೇ. ನೂರು ಹೆಜ್ಜೆ ಆಚೆಗೆ ನಡತೆ ಬೇರೆ. ‘ಹುಡುಗರ ಬುದ್ಧಿಯೇ ಹಾಗೆ’ ಅನ್ನುವವರಿಗೆ ನಾನು ಈ ನೂರು ಹೆಜ್ಜೆಗಳನ್ನು ತೋರಿಸುತ್ತೇನೆ.

ಹಾಗಾದರೆ ತಪ್ಪೆಲ್ಲ ವಾತಾವರಣದ್ದೇ? ಬಹಳ ವರ್ಷ ನಾನು ಈ ಮಾತಿನಲ್ಲಿ ನೆಮ್ಮದಿ ಕಂಡುಕೊಂಡಿದ್ದೆ. ಆದರೆ ಆ ದಿನ ನನ್ನ ಪಕ್ಕದಲ್ಲಿದ್ದವನು ನಗಲಿಲ್ಲ. ಅವನೂ ಅದೇ ಗಾಳಿ ಉಸಿರಾಡುತ್ತಿದ್ದ. ವಾತಾವರಣ ಕ್ರೌರ್ಯವನ್ನು ಸಲೀಸು ಮಾಡುತ್ತದೆ, ಕಡ್ಡಾಯ ಮಾಡುವುದಿಲ್ಲ. ಅಲ್ಲದೆ ವಾತಾವರಣ ಎಂದರೆ ಗೋಡೆ, ಕಿಟಕಿ ಅಲ್ಲವಲ್ಲ. ಅವನ ಪಾಲಿಗೆ ವಾತಾವರಣ ಎಂದರೆ ನನ್ನ ನಗುವೂ ಸೇರಿತ್ತು.

2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಒಳ್ಳೆಯದೇ. ಆದರೆ ಒಂದು ಅಣಕದ ಮೇಲೆ ಯಾರು ದೂರು ಕೊಡುತ್ತಾರೆ? ಫಿನ್ಲೆಂಡಿನ ಟುರ್ಕು ವಿಶ್ವವಿದ್ಯಾಲಯ ರೂಪಿಸಿದ ‘ಕೀವಾ’ ಎಂಬ ಕಾರ್ಯಕ್ರಮ ಹೊಡೆಯುವವನ ಜೊತೆಗೆ ನೋಡುತ್ತ ನಿಂತವರನ್ನೂ ಉದ್ದೇಶಿಸುತ್ತದೆ. ಪ್ರೇಕ್ಷಕರು ಕದಲಿದರೆ ಆಟ ಕಳೆಗುಂದುತ್ತದೆ ಎಂಬುದು ಅದರ ಲೆಕ್ಕ. ಕಾನೂನು ಮೇಷ್ಟ್ರನ್ನು ತಡೆಯಬಹುದು. ನಮ್ಮನ್ನು ಕದಲಿಸಬೇಕಾದವರು ನಾವೇ.

ಆ ವರ್ಷದ ಕೊನೆಗೆ ಅವನ ಕನ್ನಡ ನಮ್ಮಂತೆಯೇ ಆಗಿತ್ತು. ಮೇಷ್ಟ್ರು ಹೊಗಳಿದರು. ಆದರೆ ಪಾಠದ ನಡುವೆ ಅವನು ನೀರು ಕುಡಿಯಲು ಕೇಳುವುದನ್ನು ಎಂದೋ ಬಿಟ್ಟಿದ್ದ. ಬಿಡುವಿನಲ್ಲಿ ನಲ್ಲಿಯ ಹತ್ತಿರ ಎಲ್ಲರೂ ಚದುರುವವರೆಗೆ ಗೋಡೆಗೆ ಒರಗಿ ಕಾಯುತ್ತಿದ್ದ. ಕುಡಿಯುವಷ್ಟರಲ್ಲಿ ಗಂಟೆ ಬಾರಿಸುತ್ತಿತ್ತು.

ನಾನು ಇದನ್ನು ದಿನವೂ ನೋಡುತ್ತಿದ್ದೆ. ಒಂದು ದಿನವಾದರೂ ಅವನ ಜೊತೆ ನಲ್ಲಿಯವರೆಗೆ ನಡೆದು ಹೋಗಬಹುದಿತ್ತು.