ಒಮ್ಮೆ ಮಾತ್ರ ನಡೆದದ್ದರ ಸಂಭವನೀಯತೆ

ನಾಣ್ಯವನ್ನು ಸಾವಿರ ಸಲ ಚಿಮ್ಮಿ ನೋಡಬಹುದು. ಜೀವವಿಕಾಸವನ್ನು ಇನ್ನೊಮ್ಮೆ ನಡೆಸಿ ನೋಡಲಾಗದು. ಜಗತ್ತಿಗೆಲ್ಲ ಏಡ್ಸ್ ಹಬ್ಬಿಸಿದ ಎಚ್‌ಐವಿ-1 ವೈರಸ್ಸಿನ ‘ಎಂ’ ಗುಂಪಿಗೆ ಮೂಲಪೂರ್ವಜ ಒಂದೇ. ಅದು 1884 ಮತ್ತು 1924ರ ನಡುವೆ ಇದ್ದ ಸಂಭವ ಶೇ 95 ಎಂದು ವಿಜ್ಞಾನಿಗಳು ಲೆಕ್ಕ ಹಾಕಿದರು. ಯಾವುದರಲ್ಲಿ ಶೇ 95? ನೂರಕ್ಕೆ ತೊಂಬತ್ತೈದು ಸಲ ಎನ್ನೋಣವೆಂದರೆ ಇಲ್ಲಿ ನೂರು ಸಲವೇ ಇಲ್ಲ.

ಥಾಮಸ್ ಬೇಯ್ಸ್ ಎಂಬ ಇಂಗ್ಲಿಷ್ ಪಾದ್ರಿ ತೀರಿಕೊಂಡ ಮೇಲೆ, 1763ರಲ್ಲಿ, ಅಚ್ಚಾದ ಪ್ರಬಂಧವೊಂದರಿಂದ ಬೆಳೆದ ಸಂಖ್ಯಾಶಾಸ್ತ್ರದಲ್ಲಿ ಇದಕ್ಕೆ ಉತ್ತರವಿದೆ. ಸಂಭವನೀಯತೆಯೆಂದರೆ ನಮ್ಮ ನಂಬಿಕೆಗಿರುವ ಬಲ. ಸಾಕ್ಷ್ಯ ಸಿಗುವ ಮೊದಲೇ ಪ್ರತಿ ಊಹೆಗೂ ಇಷ್ಟು ಬಲವೆಂದು ಗೊತ್ತುಮಾಡಬೇಕು. ಇದು ಪೂರ್ವ ಸಂಭವನೀಯತೆ. ಊಹೆ ನಿಜವಾಗಿದ್ದರೆ ಇಂಥ ಸಾಕ್ಷ್ಯ ಸಿಗುವ ಸಾಧ್ಯತೆ ಎಷ್ಟಿತ್ತು ಎಂಬುದು ಎರಡನೆಯ ಲೆಕ್ಕ. ಎರಡನ್ನೂ ಗುಣಿಸಿ, ಎಲ್ಲ ಊಹೆಗಳ ಮೊತ್ತ ಒಂದಾಗುವಂತೆ ಹೊಂದಿಸಿದರೆ ತಿದ್ದಿದ ನಂಬಿಕೆ ಸಿಗುತ್ತದೆ.

2008ರಲ್ಲಿ ವೈರಸ್ಸಿನ ಆ ಲೆಕ್ಕ ಹಾಕಿದ ಮೈಕಲ್ ವೊರೊಬಿ ಮತ್ತು ಸಂಗಡಿಗರ ಕೈಯಲ್ಲಿದ್ದ ಅತಿ ಹಳೆಯ ಸಾಕ್ಷ್ಯಗಳು ಎರಡು. ಎರಡೂ ಕಾಂಗೋದ ಕಿನ್ಶಾಸಾ ನಗರದವು: 1959ರ ರಕ್ತದ ಮಾದರಿ, 1960ರಲ್ಲಿ ತೆಗೆದು ಮೇಣದಲ್ಲಿಟ್ಟ ದುಗ್ಧಗ್ರಂಥಿಯ ಚೂರು. ಆ ಹೊತ್ತಿಗಾಗಲೇ ಎರಡರಲ್ಲಿದ್ದ ವೈರಸ್ಸುಗಳ ವಂಶವಾಹಿ ಅಕ್ಷರಗಳು ಬಹಳ ಬೇರೆಯಾಗಿದ್ದವು. ಅಷ್ಟು ವ್ಯತ್ಯಾಸ ಮೂಡಲು ದಶಕಗಳೇ ಬೇಕು. ಎಷ್ಟು ದಶಕ ಎನ್ನುವುದೇ ಕಷ್ಟ. ರೂಪಾಂತರದ ವೇಗ ಎಲ್ಲ ಕವಲುಗಳಲ್ಲೂ ಒಂದೇ ಅಲ್ಲ, ವಂಶವೃಕ್ಷದ ಆಕಾರವೂ ಗೊತ್ತಿಲ್ಲ. ಬರೀ ಹತ್ತು ಮಾದರಿಗಳನ್ನು ಬೇರುಸಹಿತ ಜೋಡಿಸಲು 3,44,59,425 ವೃಕ್ಷಗಳು ಸಾಧ್ಯ! ಎಲ್ಲವನ್ನೂ ಅಳೆಯುವ ಬದಲು ಕಂಪ್ಯೂಟರ್ ಅವುಗಳ ನಡುವೆ ಅಲೆಯುತ್ತದೆ, ಹೆಚ್ಚು ಸಂಭವವಿರುವ ಕಡೆ ಹೆಚ್ಚು ಸಲ ತಂಗುತ್ತದೆ. ತಂಗಿದ ಸಲಗಳಲ್ಲಿ ಶೇ 95ರಷ್ಟು ಮೂಲಪೂರ್ವಜನ ಕಾಲವನ್ನು 1884 ಮತ್ತು 1924ರ ನಡುವೆ ತೋರಿದವು, ಅದೇ ಆ ಶೇ 95.

ಮೊದಲ ನಂಬಿಕೆಯನ್ನು, ಅಂದರೆ ಪೂರ್ವ ಸಂಭವನೀಯತೆಯನ್ನು, ಎಲ್ಲಿಂದ ತಂದಿರಿ ಎಂಬುದು ಇದಕ್ಕಿರುವ ಆಕ್ಷೇಪ. ಆರ್. ಎ. ಫಿಶರ್ ಈ ದಾರಿಯನ್ನೇ ತಳ್ಳಿಹಾಕಿದ್ದರು. ವಿಕಾಸದ ತಳಿಶಾಸ್ತ್ರಕ್ಕೆ ಗಣಿತದ ಅಡಿಪಾಯ ಹಾಕಿದವರಲ್ಲಿ ಅವರೇ ಒಬ್ಬರು, ಹಾಗಾಗಿ ಆಕ್ಷೇಪ ಹಗುರವಲ್ಲ. ಆದರೂ ನನಗೆ ಬೇಯ್ಸ್ ಪಕ್ಷವೇ ಸರಿಯೆನಿಸುತ್ತದೆ. ಪೂರ್ವಗ್ರಹವಿಲ್ಲದ ಸಂಶೋಧಕನಿಲ್ಲ, ಇಲ್ಲಿ ಅದನ್ನು ಬರೆದು ತೋರಿಸಬೇಕು. ಬೇರೆಯವರು ಅದನ್ನು ಬದಲಿಸಿ ಉತ್ತರ ಎಷ್ಟು ಅಲುಗುತ್ತದೆಂದು ನೋಡಬಹುದು. ತೀರಾ ಅಲುಗಿದರೆ ಸಾಕ್ಷ್ಯ ಸಾಲದೆಂದು ಅರ್ಥ.

ವಂಶವೃಕ್ಷ ಭಾಷೆಗಳಿಗೂ ಇದೆ. ಕನ್ನಡವೂ ಸೇರಿ 20 ದ್ರಾವಿಡ ಭಾಷೆಗಳ ಪದಗಳ ಮೇಲೆ 2018ರಲ್ಲಿ ಇದೇ ವಿಧಾನ ನಡೆಯಿತು. ಆ ಭಾಷಾಕುಟುಂಬದ ವಯಸ್ಸು ಸುಮಾರು 4,500 ವರ್ಷ ಎಂದು ಬಂತು. ಇಂಥ ಸಂಖ್ಯೆ ಕಂಡಾಗ ಅದರ ಜೊತೆಗೆ ಕೊಟ್ಟಿರುವ ಕನಿಷ್ಠ, ಗರಿಷ್ಠ ಮಿತಿಗಳನ್ನೂ ಓದಿ.